ಬ್ಲಾಂಡಿ, ಡೀವೋ, ಡುರಾನ್ ಡುರಾನ್: ಮೂರೂ ‘ನ್ಯೂ ವೇವ್’ ಹೇಗೆ?

ಎಪ್ಪತ್ತು, ಎಂಬತ್ತರ ದಶಕದ ಮೂರು ಪಾಶ್ಚಾತ್ಯ ಸಂಗೀತ ತಂಡಗಳು. ಬ್ಲಾಂಡಿಯಲ್ಲಿ ಕುಣಿತದ ಡಿಸ್ಕೊ ಕೇಳಿಸುತ್ತದೆ, ಡೀವೋದಲ್ಲಿ ಯಂತ್ರದ ಕಟಕಟ, ಡುರಾನ್ ಡುರಾನ್‌ನಲ್ಲಿ ಸಿಂಥಸೈಸರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ). ಮೂರನ್ನೂ ನ್ಯೂ ವೇವ್ ಅಂತಾರೆ, ಹಾಗಾದರೆ ಆ ಹೆಸರಿಗೆ ಅರ್ಥ ಏನು ಎಂದು ಕೇಳಿದ್ದೀರಿ. ನನ್ನನ್ನೂ ಬಹಳ ದಿನ ಕಾಡಿದ ಪ್ರಶ್ನೆ ಇದು. ನಾನು ಬೆಂಗಳೂರಿನಲ್ಲಿ ಗೆಳೆಯರ ಜೊತೆ ಗಿಟಾರ್ ನುಡಿಸುತ್ತೇನೆ. ಈ ಹಾಡುಗಳನ್ನು ಕಲಿಯಲು ಕೂತಾಗಲೇ ನನಗೆ ಉತ್ತರದ ಎಳೆ ಸಿಕ್ಕಿದ್ದು.

ಈ ತಂಡಗಳು ಏನನ್ನು ಬಿಟ್ಟುಬಿಟ್ಟವು ಅಂತ ನೋಡಿ. ಗುರುತು ಅಲ್ಲೇ ಇದೆ.

ಒಂದು ಪ್ರಯೋಗ ಮಾಡಿ. ರೋಲಿಂಗ್ ಸ್ಟೋನ್ಸ್‌ನವರ 1965ರ ‘ಸ್ಯಾಟಿಸ್‌ಫ್ಯಾಕ್ಷನ್’ ಕೇಳಿ. ಆಮೇಲೆ ಅದೇ ಹಾಡನ್ನು ಡೀವೋ ತಮ್ಮ 1978ರ ಮೊದಲ ಆಲ್ಬಂನಲ್ಲಿ ಹಾಡಿದ್ದನ್ನು ಕೇಳಿ. ಸ್ಟೋನ್ಸ್ ಹಾಡಿನ ಜೀವ ಇರುವುದೇ ಕೀತ್ ರಿಚರ್ಡ್ಸ್‌ನ ಆ ಒರಟು ಗಿಟಾರ್ ಸಾಲಿನಲ್ಲಿ. ಡೀವೋ ಅದನ್ನೇ ತೆಗೆದುಹಾಕಿದ್ದಾರೆ! ಅದರ ಜಾಗದಲ್ಲಿ ಸಣ್ಣಗೆ ಕುಟುಕುವ ಗಿಟಾರ್ ಇದೆ, ಎಡವಿದಂತೆ ಕೇಳುವ ಡ್ರಮ್ಸ್ ಇದೆ. ಹಾಡುವವನು ಒಂದು ಕಡೆ ‘ಬೇಬಿ’ ಎಂಬ ಒಂದೇ ಪದಕ್ಕೆ ಸಿಕ್ಕಿಕೊಂಡು ಉಸಿರು ಬಿಡದೆ ಹೇಳುತ್ತಲೇ ಹೋಗುತ್ತಾನೆ. ಮಾತು ಅದೇ, ಅತೃಪ್ತಿಯೂ ಅದೇ. ಸ್ಟೋನ್ಸ್‌ನಲ್ಲಿ ಅದು ಗತ್ತಿನಿಂದ ಬರುತ್ತದೆ, ಡೀವೋದಲ್ಲಿ ಚಡಪಡಿಕೆಯಿಂದ. ನ್ಯೂ ವೇವ್ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳಿಸುವುದು ಇವೆರಡನ್ನೇ.

ಅಂದರೆ ಬಿಟ್ಟಿದ್ದು ಬ್ಲೂಸ್, ಅಮೆರಿಕದ ಕಪ್ಪುಜನರ ಹಳೆಯ ಹಾಡಿನ ಶೈಲಿ. ಅರವತ್ತು, ಎಪ್ಪತ್ತರ ದಶಕದ ರಾಕ್ ಹೆಚ್ಚಾಗಿ ಬ್ಲೂಸ್ ಮೇಲೆ ನಿಂತಿತ್ತು. ತಂತಿಯನ್ನು ಎಳೆದು ಸ್ವರವನ್ನು ಬಾಗಿಸುವುದು, ತಾಳದಲ್ಲಿ ತೂಗಾಡುವುದು, ನಡುವೆ ಉದ್ದನೆಯ ಗಿಟಾರ್ ಸೋಲೊ. ಎಪ್ಪತ್ತರ ದಶಕದ ಮಧ್ಯದಲ್ಲಿ ಪಂಕ್ ಎಂಬ ಒರಟು, ವೇಗದ ರಾಕ್ ಬಂದು ಆ ಉದ್ದವನ್ನು ಕತ್ತರಿಸಿತು, ಆದರೆ ಜೋರಾದ ಗಿಟಾರ್ ಹಾಗೇ ಉಳಿಯಿತು. ನ್ಯೂ ವೇವ್‌ನವರು ಪಂಕ್‌ನಿಂದ ಬಿಗಿಯನ್ನೂ ಚುಟುಕುತನವನ್ನೂ ಇಟ್ಟುಕೊಂಡು ಬ್ಲೂಸಿನ ಗತ್ತನ್ನು ಕೆಳಗಿಟ್ಟರು. ಖಾಲಿಯಾದ ಜಾಗಕ್ಕೆ ಒಬ್ಬೊಬ್ಬರು ಒಂದೊಂದನ್ನು ತಂದರು. ದಿ ಪೊಲೀಸ್ ತಂಡದವರು ಜಮೈಕಾದ ರೆಗ್ಗೆ ತಂದರು. ಬ್ಲಾಂಡಿ ಡಿಸ್ಕೊ ತಂದರು. ಬ್ರಿಟಿಷ್ ಗಾಯಕ ಗ್ಯಾರಿ ನ್ಯೂಮನ್ 1979ರಲ್ಲಿ ಗಿಟಾರೇ ಇಲ್ಲದೆ ಸಿಂಥಸೈಸರ್‌ಗಳ ಮೇಲೆ ಒಂದು ಇಡೀ ಆಲ್ಬಂ ಮಾಡಿದ. ನಿಮಗೆ ಮೂರು ತಂಡ ಮೂರು ಥರ ಕೇಳಿಸುವುದು ಇದಕ್ಕೇ.

ಕೈಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಟಾಕಿಂಗ್ ಹೆಡ್ಸ್‌ನ ‘ಸೈಕೊ ಕಿಲ್ಲರ್’ ಕಲಿಯುವಾಗ ನನ್ನ ಬೆರಳುಗಳು ತಾವಾಗಿಯೇ ತಂತಿ ಎಳೆಯಲು ಹೋಗುತ್ತಿದ್ದವು. ಹಾಗೆ ಎಳೆದ ಕೂಡಲೇ ಹಾಡು ಕೆಟ್ಟಿತು. ಅದು ನಿಂತಿರುವುದು ಟೀನಾ ವೇಮೌತ್ ನುಡಿಸುವ ಬೇಸ್ ಗಿಟಾರ್ ಮೇಲೆ. ಗಿಟಾರ್ ಚಿಕ್ಕದಾಗಿ ಬಂದು, ಹೇಳುವುದನ್ನು ಹೇಳಿ ಸುಮ್ನಾಗಬೇಕು. ಹತ್ತಾರು ಸಲ ನುಡಿಸಿದ ಮೇಲೆ ಆ ಸುಮ್ಮನಿರುವ ಜಾಗಗಳೇ ನನಗೆ ತುಂಬಾ ಇಷ್ಟವಾದವು.

ಇನ್ನು ಹೆಸರಿನ ಕಥೆ. ಬ್ರಿಟನ್ನಿನ ಸಂಗೀತ ಪತ್ರಿಕೆಗಳಲ್ಲಿ 1976, 77ರ ಹೊತ್ತಿಗೆ ಪಂಕ್ ಮತ್ತು ನ್ಯೂ ವೇವ್ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತಿದ್ದರು. ಅಮೆರಿಕದಲ್ಲಿ ರೇಡಿಯೊ ಕೇಂದ್ರಗಳು ಪಂಕ್ ಎಂಬ ಹೆಸರು ಕೇಳಿದರೇ ಹಿಂಜರಿಯುತ್ತಿದ್ದವು. ರಮೋನ್ಸ್ ಮತ್ತು ಟಾಕಿಂಗ್ ಹೆಡ್ಸ್ ಇಬ್ಬರೂ ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬಿನಿಂದ ಬಂದವರು, ಸೈರ್ ರೆಕಾರ್ಡ್ಸ್ ಕಂಪನಿಯಲ್ಲಿದ್ದವರು. ಆ ಕಂಪನಿಯ ಸೀಮೋರ್ ಸ್ಟೈನ್ 1977ರಲ್ಲಿ ‘ಇದನ್ನು ಪಂಕ್ ಅನ್ನಬೇಡಿ’ ಎಂದು ಪ್ರಚಾರ ಮಾಡಿ ನ್ಯೂ ವೇವ್ ಎಂಬ ಹೆಸರನ್ನು ಮುಂದೆ ತಂದರು. ಹೆಸರು ಫ್ರೆಂಚ್ ಸಿನಿಮಾದ ಹೊಸ ಅಲೆಯಿಂದ ಬಂದದ್ದು. ನಮ್ಮಲ್ಲೂ ಹೊಸ ಅಲೆ ಅಂದರೆ ನೆನಪಾಗುವುದು 1970ರ ‘ಸಂಸ್ಕಾರ’ ಮತ್ತು ಅದರ ನಂತರ ಬಂದ ಸಿನಿಮಾಗಳು ತಾನೇ? ಆ ಮಾತಿನ ಬೇರೂ ಅದೇ ಫ್ರಾನ್ಸಿನಲ್ಲಿದೆ.

ಮಾರಾಟಕ್ಕೆ ಹುಟ್ಟಿದ ಹೆಸರು, ಹಾಗಾಗಿ ಅದಕ್ಕೆ ಅರ್ಥವೇ ಇಲ್ಲ ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಹೆಸರು ಅಂಗಡಿಯಿಂದ ಬಂದಿರಬಹುದು, ಬದಲಾವಣೆ ಹಾಡಿನೊಳಗೇ ಇತ್ತು. ಬ್ಲಾಂಡಿಯ ‘ಹಾರ್ಟ್ ಆಫ್ ಗ್ಲಾಸ್’ ನೋಡಿ. ಅದರ ಮೊದಲ ರೂಪ ಎಪ್ಪತ್ತರ ದಶಕದ ಮಧ್ಯದಲ್ಲೇ ಅವರ ಹತ್ತಿರ ಇತ್ತು. 1978ರಲ್ಲಿ ನಿರ್ಮಾಪಕ ಮೈಕ್ ಚಾಪ್‌ಮನ್ ಜೊತೆ ಕೂತು, ರೋಲ್ಯಾಂಡ್ ಕಂಪನಿಯ ಡ್ರಮ್ ಮಷೀನನ್ನು ಸಿಂಥಸೈಸರ್ ಜೊತೆ ಸೇರಿಸಿ ಅದನ್ನು ಹೊಸದಾಗಿ ಕಟ್ಟಿದರು. 1979ರಲ್ಲಿ ಅದು ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. ಸಿಬಿಜಿಬಿಯ ಹಳೆ ಗೆಳೆಯರಲ್ಲಿ ಕೆಲವರು ‘ಡಿಸ್ಕೊಗೆ ಮಾರಿಕೊಂಡರು’ ಎಂದು ಸಿಟ್ಟಾದರು. ನನ್ನ ಪ್ರಕಾರ ಅದು ತುಂಬಾ ಧೈರ್ಯದ ಕೆಲಸ. ರಾಕ್ ಜನ ಡಿಸ್ಕೊವನ್ನು ಕಂಡರಾಗದ ಕಾಲ ಅದು. ಬ್ಲಾಂಡಿಯ ಗಾಯಕಿ ಡೆಬಿ ಹ್ಯಾರಿಯ ತಣ್ಣನೆಯ ದನಿ ಆ ಯಂತ್ರದ ತಾಳದ ಮೇಲೆ ತೇಲುವಾಗ ಹಳೆ ರಾಕ್‌ನ ಗತ್ತು ಎಲ್ಲೂ ಇಲ್ಲ.

ಗೊಂದಲ ಜಾಸ್ತಿ ಆಗಿದ್ದು 1981ರ ನಂತರ. ಆ ವರ್ಷ ಆಗಸ್ಟ್ 1ರಂದು ಅಮೆರಿಕದಲ್ಲಿ ಹಾಡಿನ ವಿಡಿಯೊಗಳನ್ನೇ ತೋರಿಸುವ ಎಂಟಿವಿ ಎಂಬ ಟಿವಿ ಚಾನೆಲ್ ಶುರುವಾಯಿತು. ದಿನವಿಡೀ ತೋರಿಸಲು ವಿಡಿಯೊ ಬೇಕಿತ್ತು, ಬ್ರಿಟಿಷ್ ತಂಡಗಳ ಹತ್ತಿರ ವಿಡಿಯೊ ಇತ್ತು. ಶೆಫೀಲ್ಡ್‌ನ ಹ್ಯೂಮನ್ ಲೀಗ್, ಬರ್ಮಿಂಗ್‌ಹ್ಯಾಮ್‌ನ ಡುರಾನ್ ಡುರಾನ್ ಹೀಗೆ ಅಮೆರಿಕದ ಮನೆಮನೆಗೆ ಬಂದರು. ಅಮೆರಿಕನ್ನರು ಇವರೆಲ್ಲರನ್ನೂ ನ್ಯೂ ವೇವ್ ಎಂದೇ ಕರೆದರು. ಬ್ರಿಟನ್ನಿನಲ್ಲಿ ಮಾತ್ರ ಹಾಗಲ್ಲ. ಅಲ್ಲಿ ಆ ಹೆಸರು ಎಲ್ವಿಸ್ ಕಾಸ್ಟೆಲೊ, ಎಕ್ಸ್‌ಟಿಸಿ ಥರದ ಎಪ್ಪತ್ತರ ಕೊನೆಯ ಗಿಟಾರ್ ತಂಡಗಳಿಗೆ ಉಳಿಯಿತು, ಸಿಂಥಸೈಸರ್‌ನವರನ್ನು ಸಿಂಥ್‌ಪಾಪ್, ನ್ಯೂ ರೊಮ್ಯಾಂಟಿಕ್ ಎಂದರು. ನೀವು ಇಂಟರ್ನೆಟ್ಟಿನಲ್ಲಿ ಒಂದಕ್ಕೊಂದು ಹೊಂದದ ಪಟ್ಟಿಗಳನ್ನು ನೋಡಿದ್ದರೆ, ಬರೆದವರು ಯಾವ ದೇಶದವರು ಅಂತ ಮೊದಲು ನೋಡಿ.

ಡುರಾನ್ ಡುರಾನ್ ವಿಷಯದಲ್ಲಿ ನಾನು ಅಮೆರಿಕನ್ನರ ಕಡೆ. ಸೆಕ್ಸ್ ಪಿಸ್ಟಲ್ಸ್ ಮತ್ತು ಡಿಸ್ಕೊ ತಂಡ ಶೀಕ್, ಇವೆರಡನ್ನೂ ಬೆರೆಸಬೇಕು ಎಂಬುದು ಅವರ ಆಸೆಯಾಗಿತ್ತು. ಬ್ಲಾಂಡಿ ಮಾಡಿದ್ದೂ ಹೆಚ್ಚುಕಡಿಮೆ ಅದೇ ಅಲ್ವಾ? ಆದರೆ ಎಂಬತ್ತರ ದಶಕದ, ಸಿಂಥಸೈಸರ್ ಇರುವ ಪ್ರತಿಯೊಂದು ಹಾಡನ್ನೂ ನ್ಯೂ ವೇವ್ ಅನ್ನುವುದನ್ನು ನಾನು ಒಪ್ಪಲಾರೆ. ಪಂಕ್‌ನ ಆ ಬಿಗಿ, ಆ ಚಡಪಡಿಕೆ ಸ್ವಲ್ಪವಾದರೂ ಕೇಳಿಸಬೇಕು. ಇಲ್ಲದಿದ್ದರೆ ಅದು ಪಾಪ್, ಒಳ್ಳೆಯ ಪಾಪ್ ಇರಬಹುದು.

ಇವತ್ತು ರಾತ್ರಿ ಸಮಯವಿದ್ದರೆ ಡೀವೋ ನಂತರ ‘ಸೈಕೊ ಕಿಲ್ಲರ್’, ಆಮೇಲೆ ‘ಹಾರ್ಟ್ ಆಫ್ ಗ್ಲಾಸ್’, ಕೊನೆಗೆ ಗ್ಯಾರಿ ನ್ಯೂಮನ್‌ನ ‘ಕಾರ್ಸ್’ ಕೇಳಿ. ‘ಕಾರ್ಸ್’ನಲ್ಲಿ ಹಾಡುವುದು ಅರ್ಧಕ್ಕೇ ಮುಗಿಯುತ್ತದೆ. ಉಳಿದ ಹೊತ್ತನ್ನು, ಹಳೆ ರಾಕ್‌ನಲ್ಲಿ ಗಿಟಾರ್ ಸೋಲೊ ಬರಬೇಕಿದ್ದ ಜಾಗವನ್ನು, ಸಿಂಥಸೈಸರ್ ಹೇಗೆ ತುಂಬುತ್ತದೆ ಎಂದು ಹೆಡ್‌ಫೋನ್ ಹಾಕಿಕೊಂಡು ಕೇಳಿ.