ಮೆಲಟೋನಿನ್ ನರಕೋಶವನ್ನು ಉಳಿಸುತ್ತದೆಯೇ?

ಓದುಗರೊಬ್ಬರು ಬರೆದಿದ್ದಾರೆ: “ಅಮ್ಮನಿಗೆ ಮರೆವಿನ ಕಾಯಿಲೆ ಶುರುವಾಗಿದೆ. ಮೆಲಟೋನಿನ್ ಮಾತ್ರೆ ನರಕೋಶ ಸಾಯದಂತೆ ತಡೆಯುತ್ತದೆ ಎಂದು ಓದಿದೆ. ಕೊಡಬಹುದೇ?”

ಸಂಪಾದಕರ ಉತ್ತರ:

ಮೆಲಟೋನಿನ್ ಎಂದರೆ ನಿದ್ದೆಯ ಹೊತ್ತನ್ನು ದೇಹಕ್ಕೆ ತಿಳಿಸುವ ಹಾರ್ಮೋನ್. ನೀವು ಓದಿದ್ದು ಸುಳ್ಳಲ್ಲ. ಆದರೆ ಅದಕ್ಕೆ ಸಿಕ್ಕಿರುವ ಆಧಾರ ಹೆಚ್ಚಾಗಿ ಇಲಿಗಳದ್ದು, ಲ್ಯಾಬಿನಲ್ಲಿ ಬೆಳೆಸಿದ ಕೋಶಗಳದ್ದು. ಅಮ್ಮನಿಗೆ ಮಾತ್ರೆ ಕೊಡಲು ಅಷ್ಟು ಸಾಲದು.

1958ರಲ್ಲಿ ಚರ್ಮರೋಗ ತಜ್ಞ ಏರನ್ ಲರ್ನರ್ ಅವರ ತಂಡ ದನಗಳ ಮಿದುಳಿನಲ್ಲಿರುವ ಪೀನಿಯಲ್ ಎಂಬ ಪುಟ್ಟ ಗ್ರಂಥಿಯಿಂದ ಮೆಲಟೋನಿನ್ ಬೇರ್ಪಡಿಸಿತು. ಅವರು ಹುಡುಕುತ್ತಿದ್ದದ್ದು ಚರ್ಮದ ಬಣ್ಣ ಬದಲಿಸುವ ವಸ್ತುವನ್ನು! ಅದಕ್ಕೂ ನಿದ್ದೆಗೂ ಇರುವ ನಂಟು ತಿಳಿದದ್ದು ಆಮೇಲೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನರಕೋಶ ಎಷ್ಟೋ ಸಲ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ಪೆಟ್ಟು ಬಿದ್ದರೆ, ಒಳಗಿದ್ದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಹೊರಗೆ ಸೋರುತ್ತದೆ. ಅದು ಹೊರಬಂದ ತಕ್ಷಣ ಕ್ಯಾಸ್ಪೇಸ್ ಎಂಬ ಕಿಣ್ವಗಳು ಎಚ್ಚರಗೊಂಡು ಕೋಶದ ಪ್ರೋಟೀನುಗಳನ್ನು ಒಳಗಿನಿಂದಲೇ ಕತ್ತರಿಸತೊಡಗುತ್ತವೆ. ಮೆಲಟೋನಿನ್ ಅಡ್ಡ ಬರುವುದು ಈ ಸೋರಿಕೆಗೆ. ಜೊತೆಗೆ ಕೋಶವನ್ನು ಸುಡುವ ಹೈಡ್ರಾಕ್ಸಿಲ್ ರಾಡಿಕಲ್ ಎಂಬ ಉಗ್ರ ಕಣಗಳನ್ನೂ ಅದು ತಣ್ಣಗಾಗಿಸುತ್ತದೆ. ಆ ಕೆಲಸದಲ್ಲಿ ತಾನು ಬದಲಾಗಿ ಹುಟ್ಟುವ ವಸ್ತುವೂ ಮತ್ತೆ ಅದೇ ಕೆಲಸ ಮಾಡುತ್ತದೆ. 2017ರಲ್ಲಿ ಇನ್ನೊಂದು ಸಂಗತಿ ಹೊರಬಂತು: ಇಲಿಯ ಮಿದುಳಿನ ಮೈಟೊಕಾಂಡ್ರಿಯಾ ತನಗೆ ಬೇಕಾದ ಮೆಲಟೋನಿನ್ ಅನ್ನು ತಾನೇ ತಯಾರಿಸಿಕೊಳ್ಳುತ್ತದೆ! ಅದರ ಹೊರಪೊರೆಯಲ್ಲೇ ಮೆಲಟೋನಿನ್ ಬಂದು ಅಂಟಿಕೊಳ್ಳುವ ಎಂಟಿ1 ಎಂಬ ಗ್ರಾಹಕ ಪ್ರೋಟೀನೂ ಇದೆ. ಕಾವಲು ಅಲ್ಲೇ ಇದೆ, ಅಲ್ವಾ? ಇದನ್ನು ಓದಿದಾಗ ನನಗೆ ನಿಜಕ್ಕೂ ಬೆರಗಾಯಿತು.

ತೊಡಕು ಇರುವುದು ಡೋಸಿನಲ್ಲಿ. ಇಲಿಗಳಿಗೆ ಎಷ್ಟೋ ಪ್ರಯೋಗಗಳಲ್ಲಿ ಕೊಟ್ಟಿದ್ದು ದೇಹತೂಕದ ಪ್ರತಿ ಕಿಲೋಗೆ 5ರಿಂದ 10 ಮಿಲಿಗ್ರಾಂ. ನಿದ್ದೆಗೆ ಕೊಡುವ ಸಾಮಾನ್ಯ ಮಾತ್ರೆಯಲ್ಲಿ ಇರುವುದು 2 ಅಥವಾ 3 ಮಿಲಿಗ್ರಾಂ ಅಷ್ಟೇ. ಅದರಲ್ಲೂ ಜಾಸ್ತಿ ಭಾಗ ಯಕೃತ್ತಿನಲ್ಲೇ ಕರಗಿಹೋಗುತ್ತದೆ. ರಕ್ತಕ್ಕೆ ಸೇರಿದ್ದೂ ಸುಮಾರು ಒಂದು ಗಂಟೆಯೊಳಗೆ ಅರ್ಧವಾಗುತ್ತದೆ. ಇಲಿಯ ಲೆಕ್ಕ ಮನುಷ್ಯರಿಗೆ ನೇರವಾಗಿ ಹೊಂದುವುದಿಲ್ಲ ನಿಜ, ಆದರೂ ಅಂತರ ಸಣ್ಣದಲ್ಲ. ಮರೆವಿನ ಕಾಯಿಲೆಗಳಲ್ಲೊಂದಾದ ಅಲ್ಜೈಮರ್ ಇರುವವರಲ್ಲಿ ಮೆಲಟೋನಿನ್ ಕಾಯಿಲೆಯನ್ನೇ ನಿಲ್ಲಿಸಿತು ಎನ್ನಲು ಗಟ್ಟಿ ಸಾಕ್ಷ್ಯ ಇನ್ನೂ ಸಿಕ್ಕಿಲ್ಲ.

ಹಾಗಾಗಿ ನರಕೋಶ ಉಳಿಸುವ ಆಸೆಯಿಂದ ಸುಮ್ನೆ ಮಾತ್ರೆ ಶುರುಮಾಡಬೇಡಿ. ಅಮ್ಮನಿಗೆ ನಿದ್ದೆಯೇ ಬಾರದಿದ್ದರೆ ಅದು ಬೇರೆ ಮಾತು, ಡಾಕ್ಟರ ಹತ್ತಿರ ಕೇಳಿ. ಅಮ್ಮ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ರಕ್ತಸ್ರಾವದ ಅಪಾಯ ಹೆಚ್ಚಬಹುದು. ಖಿನ್ನತೆಗೆ ಕೊಡುವ ಫ್ಲೂವಾಕ್ಸಮಿನ್ ಜೊತೆಗಂತೂ ಬೇಡ. ಅದು ಮೆಲಟೋನಿನ್ ಕರಗುವುದನ್ನು ತಡೆದು, ರಕ್ತದಲ್ಲಿ ಅದರ ಮಟ್ಟವನ್ನು ಹಲವು ಪಟ್ಟು ಏರಿಸುತ್ತದೆ.