ಚೈನಾ ಆರೆಂಜ್ ಎಷ್ಟು ಮಾಗಿದರೂ ಹುಳಿ, ಏಕೆ?

ಪ್ರಶ್ನೆ: ಸಿದ್ದಾಪುರದ ನರ್ಸರಿಯಿಂದ ‘ಚೈನಾ ಆರೆಂಜ್’ ಗಿಡ ತಂದು ಟೆರೇಸಿನ ಕುಂಡದಲ್ಲಿ ಬೆಳೆಸಿದ್ದೇವೆ. ಪುಟ್ಟ ಹಣ್ಣುಗಳು ರಾಶಿ ರಾಶಿ ಬಿಡುತ್ತವೆ, ಆದರೆ ಪೂರ್ತಿ ಕೆಂಪಾದರೂ ಹುಳಿ. ಗೊಬ್ಬರ ಸಾಲದೇ? ಉಪ್ಪಿನಕಾಯಿ ಹಾಕಿದರೆ ಬೂಸ್ಟು ಹಿಡಿಯಿತು. ಚಿಗುರೆಲೆಯೂ ಹಳದಿಯಾಗುತ್ತಿದೆ.
– ಓದುಗರು, ಜಯನಗರ

ಉತ್ತರ: ಗೊಬ್ಬರದ ದೋಷವಲ್ಲ, ಹಣ್ಣಿನ ಗುಣವೇ ಅದು. ನಿಮ್ಮಲ್ಲಿರುವುದು ಕ್ಯಾಲಮೊಂಡಿನ್. ಮ್ಯಾಂಡರಿನ್ ಕಿತ್ತಳೆ ಮತ್ತು ಕಮ್ಕ್ವಾಟ್ (ಸಿಪ್ಪೆಸಮೇತ ತಿನ್ನುವ ಪುಟ್ಟ ಕಿತ್ತಳೆಯಂಥ ಹಣ್ಣು) ಬೆರೆತು ಹುಟ್ಟಿದ ತಳಿ. ಇದರ ತೆಳು ಸಿಪ್ಪೆಯಲ್ಲಿ ಸಿಹಿಯಿದೆ, ತೊಳೆ ಮಾತ್ರ ಕೊನೆಯವರೆಗೂ ಹುಳಿ. ಆದ್ದರಿಂದ ಕಿತ್ತಳೆಯಂತೆ ಸುಲಿದು ತಿನ್ನಲು ಕಾಯಬೇಡಿ, ನಿಂಬೆಯಂತೆ ಬಳಸಿ. ಫಿಲಿಪೀನ್ಸ್‌ನವರು ಇದನ್ನು ಕಲಮಾನ್ಸಿ ಎನ್ನುತ್ತಾರೆ, ಹಸಿರಿರುವಾಗಲೇ ಹಿಂಡುತ್ತಾರೆ.

ಒಂದು ಪಾವು ಅಕ್ಕಿಯ ಚಿತ್ರಾನ್ನಕ್ಕೆ ಐದಾರು ಹಸಿರು ಕಾಯಿ ಸಾಕು. ನಡುವೆ ಕೊಯ್ದರೆ ಬೀಜ ಸೀಳಿ ರಸ ಕಹಿಯಾಗುತ್ತದೆ, ಹಾಗಾಗಿ ತೊಟ್ಟಿನ ಕಡೆ ತೆಳುವಾಗಿ ಕತ್ತರಿಸಿ ಜಾಲರಿಯಲ್ಲಿ ಹಿಂಡಿ. ಒಲೆ ಆರಿಸಿದ ಮೇಲೇ ರಸ ಬೆರೆಸಿ, ಬಿಸಿಗೆ ಘಮ ಹಾರಿಹೋಗುತ್ತದೆ. ಇಡೀ ಹಣ್ಣನ್ನು ಮಿಕ್ಸಿಗೆ ಹಾಕಲೇಬೇಡಿ.

ಉಪ್ಪಿನಕಾಯಿಗೆ ಕೆಂಪಾದ ಹಣ್ಣೇ ಚೆಂದ, ಸಿಪ್ಪೆಯ ಸಿಹಿ ಖಾರಕ್ಕೆ ಒಗ್ಗುತ್ತದೆ. ಆದರೆ ಹಣ್ಣನ್ನು ಹೇಗೆ ಕಿತ್ತಿರಿ ಎಂದು ನೆನಪಿಸಿಕೊಳ್ಳಿ. ಕೈಯಿಂದ ಎಳೆದರೆ ತೊಟ್ಟಿನ ಜಾಗದ ಸಿಪ್ಪೆ ಹರಿದು ಗುಂಡಿಯಾಗುತ್ತದೆ, ಕೊಳೆಯುವುದು ಅಲ್ಲಿಂದಲೇ. ಕತ್ತರಿಯಿಂದ ಚೂರು ತೊಟ್ಟು ಉಳಿಸಿ ಕೊಯ್ಯಿರಿ. 500 ಗ್ರಾಂ ಹಣ್ಣು ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಒಂದೆರಡು ಗಂಟೆ ಹರಡಿಡಿ. ತೊಟ್ಟು ತೆಗೆದು, ನಾಲ್ಕು ಹೋಳು ಮಾಡಿ, ಬೀಜ ಬಿಡಿಸಿ, 100 ಗ್ರಾಂ ಕಲ್ಲುಪ್ಪಿನೊಂದಿಗೆ ಒಣ ಭರಣಿಗೆ ತುಂಬಿ. ದಿನಕ್ಕೊಮ್ಮೆ ಒಣ ಸೌಟಿನಿಂದ ಕಲಕಿ ಹೋಳುಗಳನ್ನು ರಸದೊಳಗೆ ಒತ್ತಿ. ಮೇಲೆ ತೇಲುವ ಹೋಳಿಗೇ ಮೊದಲು ಬೂಸ್ಟು ಬರುವುದು. ಸಿಪ್ಪೆ ತೆಳುವಾದ್ದರಿಂದ ಹೇರಳೆಕಾಯಿಯಷ್ಟು ದಿನ ಕಾಯಬೇಕಿಲ್ಲ, ಸುಮಾರು ಎರಡು ವಾರಕ್ಕೆ ಮೆದುವಾಗುತ್ತದೆ. ಆಮೇಲೆ ಖಾರದ ಪುಡಿ, ಹುರಿದ ಮೆಂತ್ಯದ ಪುಡಿ, ಆರಿದ ಒಗ್ಗರಣೆ ಸೇರಿಸಿ. ಬೂಸ್ಟು ಹಿಡಿದ ಹಳೆಯದನ್ನು ಮೇಲಿನ ಪದರ ತೆಗೆದು ಉಳಿಸಿಕೊಳ್ಳಬೇಡಿ, ಪೂರ್ತಿ ಚೆಲ್ಲಿ.

ಚಿಗುರೆಲೆಯ ನರ ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಕಬ್ಬಿಣಾಂಶದ ಕೊರತೆ. ಗಡಸು ಬೋರ್‌ವೆಲ್ ನೀರು ಕುಂಡದ ಮಣ್ಣನ್ನು ಕ್ಷಾರವಾಗಿಸುತ್ತದೆ, ಮಣ್ಣಲ್ಲಿ ಕಬ್ಬಿಣವಿದ್ದರೂ ಬೇರು ಹೀರಲಾರದು. ಆದಷ್ಟು ಮಳೆನೀರು ಹಾಕಿ. ಚಿಲೇಟೆಡ್ ಕಬ್ಬಿಣವನ್ನು (ಗಿಡ ಸುಲಭವಾಗಿ ಹೀರಬಲ್ಲ ರೂಪದ ಕಬ್ಬಿಣ) ಲೀಟರ್ ನೀರಿಗೆ ಅರ್ಧ ಗ್ರಾಂನಂತೆ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ, ಹದಿನೈದು ದಿನದ ನಂತರ ಇನ್ನೊಮ್ಮೆ. ಗುಣ ಕಂಡಿತೋ ಇಲ್ಲವೋ ಎಂಬುದನ್ನು ಆಮೇಲೆ ಬರುವ ಹೊಸ ಚಿಗುರಿನಲ್ಲಿ ನೋಡಿ.