ಖಾಲಿ ಬಿಟ್ಟ ತಾರೀಖು

ಪಿಎಚ್.ಡಿ. ಮಾಡುತ್ತಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬರುವುದು ಹೆಚ್ಚಾಗಿ ನಿದ್ದೆ ಬರುತ್ತಿಲ್ಲ ಎಂದು. ಮಾತಾಡುತ್ತಾ ಹೋದಂತೆ ಗೈಡ್ ವಿಷಯ ಬರುತ್ತದೆ. ಆಮೇಲೆ ಯಾವುದೋ ಒಂದು ಕಾಗದದ ವಿಷಯ. ಹೋಗದ ಊರಿನ ಹೆಸರಿನಲ್ಲಿ ತುಂಬಿಸಿದ ಪ್ರಶ್ನಾವಳಿ, ಯಾರದೋ ಬದಲು ಯಾರೋ ಹಾಕಿದ ಸಹಿ. ಶಿವಮೊಗ್ಗದಲ್ಲಿ ಆಪ್ತಸಮಾಲೋಚನೆಯ ಕೆಲಸ ಶುರು ಮಾಡಿದ ಮೇಲೆ ಇಂಥವು ಎಷ್ಟೋ ಬಂದಿವೆ, ಈಗಲೂ ಬರುತ್ತಿವೆ. ಅದಕ್ಕೇ ಒಂದನ್ನು ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಆಕೆಯ ಸಂಶೋಧನೆ ಮಂಗನ ಕಾಯಿಲೆ ಬಂದ ಮನೆಗಳ ಬಗ್ಗೆ. ಆಸ್ಪತ್ರೆ ಖರ್ಚು, ತಪ್ಪಿದ ಕೂಲಿ, ಇದನ್ನೆಲ್ಲ ಅವರು ಹೇಗೆ ನಿಭಾಯಿಸುತ್ತಾರೆ ಎನ್ನುವುದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಉಣುಗು ಕಚ್ಚಿ ಬರುತ್ತದೆ. ದರಗೆಲೆ, ಸೌದೆ ಅಂತ ಜನ ಕಾಡಿಗೆ ಹೋಗುವ ಕಾಲದಲ್ಲೇ, ಅಂದರೆ ಡಿಸೆಂಬರಿನಿಂದ ಮೇ ತನಕ ಜಾಸ್ತಿ. ಆಕೆಗೆ ಆ ತಿಂಗಳುಗಳಲ್ಲೇ ಫೀಲ್ಡ್ ವರ್ಕ್ ಆಗಬೇಕಿತ್ತು. ಜನರನ್ನು ಮಾತಾಡಿಸುವ ಇಂಥ ಸಂಶೋಧನೆಗೆ ಅನುಮತಿ ಕೊಡಬೇಕಾದ ಎಥಿಕ್ಸ್ ಕಮಿಟಿಯ ಸಭೆ ಮುಂದೆ ಹೋಗುತ್ತಲೇ ಇತ್ತು. "ಸೀಸನ್ ತಪ್ಪಿದರೆ ಒಂದು ವರ್ಷ ಹೋಯಿತು. ಶುರು ಮಾಡು, ಮನೆಯವರ ಒಪ್ಪಿಗೆ ಪತ್ರದಲ್ಲಿ ತಾರೀಖು ಮಾತ್ರ ಖಾಲಿ ಬಿಡು" ಎಂದರು ಗೈಡ್. ಆಕೆ 28 ಮನೆಗಳಿಗೆ ಹೋಗಿ ಬಂದಳು. ಕಮಿಟಿಯ ಅನುಮತಿ ಬಂದ ಮೇಲೆ ಗೈಡ್ ಹೇಳಿದ್ದು ಇಷ್ಟು: ಈಗಿನ ತಾರೀಖು ತುಂಬು, ಹೆಬ್ಬೆಟ್ಟು ಇರುವ ಕಡೆ ಸಾಕ್ಷಿ ಅಂತ ಹಾಸ್ಟೆಲಿನ ಜೂನಿಯರ್‌ಗಳ ಸಹಿ ಹಾಕಿಸು.

ನಿದ್ದೆ ಹೋಗಿದ್ದು ಅಲ್ಲಿಂದ.

ಮೊದಮೊದಲು ನಾವಿಬ್ಬರೂ ತಾರೀಖಿನ ಬಗ್ಗೆಯೇ ಮಾತಾಡಿದೆವು. ಸಿಕ್ಕಿಬಿದ್ದರೆ ಏನಾಗುತ್ತದೆ, ಗೈಡ್ ಸಿಟ್ಟಾದರೆ ಏನಾಗುತ್ತದೆ, ಫೆಲೋಶಿಪ್ ನಿಂತರೆ ಮನೆಯಲ್ಲಿ ಏನು ಹೇಳುವುದು. ಒಂದು ದಿನ ಆಕೆ ಆ ಫೈಲನ್ನೇ ತಂದಳು. ಹೆಸರು ನನಗೆ ಕಾಣುವುದು ಬೇಡ ಎಂದೆ. ಮೇಲಿನ ಸಾಲಿನ ಮೇಲೆ ಅಂಗೈ ಇಟ್ಟು ಒಂದು ಹಾಳೆ ನನ್ನ ಕಡೆ ತಿರುಗಿಸಿದಳು. ಕೆಳಗೆ ನೀಲಿ ಹೆಬ್ಬೆಟ್ಟು. ಶಾಯಿ ಜಾಸ್ತಿಯಾಗಿ ಒಂದು ಪಕ್ಕ ಹರಡಿತ್ತು. ಅದರ ಪಕ್ಕದಲ್ಲಿ ತಾರೀಖಿನ ಚುಕ್ಕಿ ಸಾಲು ಖಾಲಿ, ಸಾಕ್ಷಿಯ ಜಾಗವೂ ಖಾಲಿ.

"ಇದನ್ನೇ ಯಾಕೆ ತೆಗೆದಿರಿ?" ಎಂದು ಕೇಳಿದೆ.

"ಈ ಅಜ್ಜಿ ಹೆಬ್ಬೆಟ್ಟು ಒತ್ತಿದ ಮೇಲೆ, 'ದುಡ್ಡು ಯಾವಾಗ ಬರ್ತದೆ ತಂಗಿ?' ಅಂತ ಕೇಳಿದ್ರು ಮೇಡಂ. ಅವರ ಮಗ ಇದೇ ಕಾಯಿಲೆಯಲ್ಲಿ ಹೋಗಿದ್ದು. ನಾನು ಪರಿಹಾರದ ಅರ್ಜಿ ತಂದಿದೀನಿ ಅಂತ ತಿಳ್ಕೊಂಡಿದ್ರು."

"ನೀವೇನು ಹೇಳಿದಿರಿ?"

"ನೋಡೋಣ ಅಜ್ಜಿ ಅಂದೆ."

ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ ಆಕೆಯೇ ಕೇಳಿದಳು: "ತಾರೀಖು ಸರಿಯಾಗಿ ಇದ್ದಿದ್ರೂ ಇದು ತಪ್ಪೇ ಅಲ್ವಾ ಮೇಡಂ?"

ಹೌದು ಎಂದೆ. ಸುತ್ತಿ ಬಳಸಿ ಹೇಳಲಿಲ್ಲ.

ಇದಕ್ಕೆ ನನ್ನ ವೃತ್ತಿಯ ಕೆಲವರು ಒಪ್ಪುವುದಿಲ್ಲ, ಗೊತ್ತು. ಸರಿ ತಪ್ಪು ಹೇಳುವುದು ನಮ್ಮ ಕೆಲಸವಲ್ಲ, ಬಂದವರು ತಾವೇ ದಾರಿ ಹುಡುಕಿಕೊಳ್ಳಬೇಕು ಎನ್ನುತ್ತಾರೆ. ಗಂಡ ಹೆಂಡತಿ ಜಗಳದಲ್ಲಿ, ಕೆಲಸ ಬಿಡುವ ವಿಷಯದಲ್ಲಿ ನಾನೂ ಹಾಗೇ ನಡೆದುಕೊಳ್ಳುತ್ತೇನೆ. ಆದರೆ ಇಲ್ಲಿ ಕೋಣೆಯಲ್ಲಿ ಇಲ್ಲದ ಒಬ್ಬರು ಇದ್ದರು. ಆ ಅಜ್ಜಿಗೆ ಏನಕ್ಕೆ ಹೆಬ್ಬೆಟ್ಟು ಒತ್ತಿದೆ ಎಂದೇ ಗೊತ್ತಿಲ್ಲ. ಈ ಹುಡುಗಿಯ ಕಳವಳವನ್ನು ಕಾಯಿಲೆ ಎಂದುಕೊಂಡು, ದೀರ್ಘವಾಗಿ ಉಸಿರಾಡಿ ಎಂದು ಕಳಿಸಿದ್ದರೆ ಆಕೆಗೆ ನಿದ್ದೆ ಬರುತ್ತಿತ್ತೋ ಏನೋ, ಅಜ್ಜಿಗೆ ಆದ ಮೋಸ ಹಾಗೇ ಉಳಿಯುತ್ತಿತ್ತು. ಆಕೆಯ ಮನಸ್ಸು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಅದನ್ನು ಸುಮ್ಮನಾಗಿಸುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

ಇನ್ನೊಂದು ಮಾತು. ಈ ಮಕ್ಕಳು ನಿಯಮ ಓದದವರಲ್ಲ. ಸಂಶೋಧನೆಯ ನೀತಿ ಬಗ್ಗೆ ಎರಡು ಕ್ರೆಡಿಟ್‌ನ ಕೋರ್ಸನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲೇ ಕಡ್ಡಾಯ ಮಾಡಿದೆ. ಆಕೆ ಅದರಲ್ಲಿ ಒಳ್ಳೆ ಅಂಕ ತೆಗೆದಿದ್ದಳು. ಪ್ರಬಂಧದಲ್ಲಿ ಬೇರೆಯವರ ಬರಹದ ಹೋಲಿಕೆ ಶೇ. 10 ದಾಟಬಾರದು ಎನ್ನುವ 2018ರ ನಿಯಮ ಎಲ್ಲರಿಗೂ ಬಾಯಿಪಾಠ. ನಕಲು ಹಿಡಿಯಲು ಸಾಫ್ಟ್‌ವೇರ್ ಇದೆ, ಅದಕ್ಕೇ ಆ ಭಯ. ಹೆಬ್ಬೆಟ್ಟಿನ ಹಿಂದೆ ಏನಾಯಿತು ಎಂದು ಹಿಡಿಯುವ ಸಾಫ್ಟ್‌ವೇರ್ ಇಲ್ಲ. ಅಲ್ಲಿ ಸಂಶೋಧಕರ ಮಾತೇ ಆಧಾರ.

ನಾನು ಹೇಳಿದ್ದು ಇದು. ಖಾಲಿ ತಾರೀಖನ್ನು ಖಾಲಿಯೇ ಬಿಡಿ, ಯಾರ ಸಹಿಯನ್ನೂ ಹಾಕಿಸಬೇಡಿ. ಮೊದಲು ಗೈಡ್ ಹತ್ತಿರ ಎದುರಿಗೆ ಕೂತು ಮಾತಾಡಿ, ಅದೇ ದಿನ ಮಾತಾಡಿದ್ದನ್ನು ವಿನಯವಾಗಿ ಇಮೇಲ್‌ನಲ್ಲಿ ಬರೆದು ಕಳಿಸಿ. ಆಮೇಲೆ ಕಮಿಟಿಯ ಸದಸ್ಯ ಕಾರ್ಯದರ್ಶಿಗೆ ನೀವೇ ಪತ್ರ ಕೊಡಿ. ಯಾವ ತಿಂಗಳಲ್ಲಿ ಎಷ್ಟು ಮನೆಗೆ ಹೋದಿರಿ, ಯಾಕೆ ಹೋದಿರಿ, ಅಷ್ಟೇ ಸಾಕು. ಗೈಡ್ ಮೇಲೆ ದೂರು ಬೇಡ, ಅವರನ್ನು ಮುಚ್ಚಿಡುವುದೂ ಬೇಡ. ಹಿಂದಿನ ಕೆಲಸಕ್ಕೆ ಈಗ ಅನುಮತಿ ಕೊಡಿ ಎಂದು ಕೇಳಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಕೆಲಸ ಶುರುವಾಗುವ ಮೊದಲೇ ಅನುಮತಿ ಇರಬೇಕು. ಆ 28 ಮನೆಗಳ ಮಾಹಿತಿಯನ್ನು ಏನು ಮಾಡಲಿ ಎಂದು ಕೇಳಿ. ಕೊನೆಯದಾಗಿ, ಆ ಮನೆಗಳಿಗೆ ಮತ್ತೆ ಹೋಗಿ ನಿಜ ಹೇಳಿ.

ಗೈಡ್ ಸೇಡು ತೀರಿಸಿಕೊಂಡರೆ ಎಂಬ ಆಕೆಯ ಭಯವನ್ನು ನಾನು ಹಗುರ ಮಾಡಲಿಲ್ಲ. ಅದು ನಿಜವಾದ ಭಯ. ಆದರೆ ತಾರೀಖು ತಿದ್ದುವ ಮೊದಲು ಬರೆದ ಪತ್ರದಲ್ಲಿ ಇರುವುದು ಆತುರದ ತಪ್ಪು, ತಿದ್ದಿದ ಮೇಲೆ ಅದೇ ಫೋರ್ಜರಿ. ಪತ್ರ ಬರೆಯುವ ಅವಕಾಶ ಆಕೆಗೆ ಇನ್ನೂ ಇತ್ತು.

ಪತ್ರ ಹೋಯಿತು. ಗೈಡ್ ಬಹಳ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಹಳೆಯ ಮಾಹಿತಿ ಪ್ರಬಂಧದಲ್ಲಿ ಬರಬಾರದು, ಒಪ್ಪುವವರಿಂದ ಹೊಸದಾಗಿ ಒಪ್ಪಿಗೆ ಪಡೆದು ಮತ್ತೆ ಮಾತಾಡಿಸಬಹುದು ಎಂದು ಕಮಿಟಿ ತಿಳಿಸಿತು. ಸುಮಾರು ಮನೆಯವರು ಒಪ್ಪಿದರು. ಅಜ್ಜಿ ಒಪ್ಪಲಿಲ್ಲ. ಇದಕ್ಕೂ ದುಡ್ಡಿಗೂ ಸಂಬಂಧವಿಲ್ಲ ಎಂದು ಬಿಡಿಸಿ ಹೇಳಿದಾಗ, "ಹಂಗಾರೆ ಬ್ಯಾಡ ಬಿಡು ತಂಗಿ, ಅವನ ಸುದ್ದಿ ಮತ್ತೆ ಮತ್ತೆ ಹೇಳಕ್ಕೆ ನನ್ ಕೈಲಿ ಆಗಲ್ಲ" ಎಂದರಂತೆ. ಇದನ್ನು ಹೇಳುವಾಗ ಆಕೆ ಅತ್ತಳು. ಆದರೆ ಆ ವಾರ ನಿದ್ದೆಯ ಮಾತು ಎತ್ತಲಿಲ್ಲ.

ಗೈಡ್‌ಗಳಾಗಿರುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಮಂಗನ ಕಾಯಿಲೆಯ ಸೀಸನ್ ಯಾವಾಗ ಎಂದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ವಿದ್ಯಾರ್ಥಿಯ ಅರ್ಜಿ ಮಳೆಗಾಲದಲ್ಲೇ ಕಮಿಟಿಗೆ ಹೋಗಲಿ. ಅಪಾಯ ತೀರಾ ಕಡಿಮೆ ಇರುವ ಅಧ್ಯಯನಕ್ಕೆ ಬೇಗ ಪರಿಶೀಲಿಸಿ ಎಂದು ಕೇಳಲು ಅದೇ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಆ ಪತ್ರ ನೀವೇ ಬರೆದುಕೊಡಿ. ಡಿಸೆಂಬರಿನಲ್ಲಿ ಒಬ್ಬಳೇ ಬಸ್ ಹತ್ತುವ ಹುಡುಗಿಯ ಚೀಲದಲ್ಲಿ ತಾರೀಖು ಹಾಕಬಹುದಾದ ಕಾಗದ ಇರಲಿ.